ಮಿದುಳು ಚುರುಕಾಗೋ ಪುಸ್ತಕ ಯಾವ ಅಂಗಡ್ಯಾಗ ಸಿಗತೈತ್ರಿ?

ಪುಸ್ತಕ ಆರಿಸುವುದರ ಬಗ್ಗೆ ಬಂದ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಚ್ಚಿನವು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವು. ಬರೆದವರ ಹೆಸರು ಬಿಟ್ಟಿದ್ದೇನೆ. ಮಕ್ಕಳ ವಿಷಯ, ಊರುಗಳೋ ಸಣ್ಣವು.

ಮಗಳು ಐದನೇ ಇಯತ್ತೆ. ಕಿತ್ತೂರಿನ ಬಾಲಕಿಯರ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರಿ ನಡದೈತ್ರಿ. ಹೋದ ತಿಂಗಳು ಒಬ್ಬರು ಬಂದು, ಕಣ್ಣಿಗೆ ಪಟ್ಟಿ ಕಟ್ಟಿದ ಹುಡುಗನ ಕಡೆಯಿಂದ ಪುಸ್ತಕ ಓದಿಸಿ ತೋರಿಸಿದರು. ಹತ್ತೂ ಬೆರಳಿನ ಗುರುತು ತಗೊಂಡು ಮಗಳ ಬುದ್ಧಿ ಯಾವ ಕಡೆ ಐತಿ ಅಂತ ಹೇಳತಾರಂತ. ಜೊತೆಗೆ ನೆನಪಿನ ಶಕ್ತಿ ಹೆಚ್ಚಿಸೋ ಒಂದು ದಪ್ಪ ಪುಸ್ತಕ. ಎಲ್ಲಾ ಕೂಡಿ ಹನ್ನೆರಡು ಸಾವಿರ. ಮನಿಯಾಕಿ ಬ್ಯಾಡ ಅಂತಾಳ. ನೀವೇನಂತೀರಿ ಸರ?
— ಒಬ್ಬ ತಂದೆ, ಕಿತ್ತೂರು

ಮನೆಯವರ ಮಾತು ಕೇಳಿರಿ, ಹಣ ಉಳಿಯುತ್ತದೆ.

ಕಣ್ಣುಪಟ್ಟಿಯ ಗುಟ್ಟು ಇರುವುದು ಮೂಗಿನ ಪಕ್ಕದಲ್ಲಿ. ಪಟ್ಟಿಯನ್ನು ಎಷ್ಟು ಬಿಗಿದರೂ ಮೂಗಿನ ಎರಡೂ ಬದಿ ಸಣ್ಣ ಸಂದು ಉಳಿಯುತ್ತದೆ. ತಲೆ ತುಸು ಎತ್ತಿ ಕಣ್ಣು ಕೆಳಗೆ ಹೊರಳಿಸಿದರೆ ಎದೆಯ ಹತ್ತಿರ ಹಿಡಿದ ಪುಸ್ತಕ ಕಾಣುತ್ತದೆ. ನೀವೇ ಕಟ್ಟಿಕೊಂಡು ನೋಡಿ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ವರ್ಷಗಳಿಂದ ಬಯಲು ಮಾಡುತ್ತ ಬಂದಿದ್ದಾರೆ. ಸಂದು ಮುಚ್ಚಿದರೆ ಓದೂ ನಿಲ್ಲುತ್ತದೆ. ಕಣ್ಣುಪಟ್ಟಿಯವರು ಚಾಲೂ ಮಾಡುತ್ತೇವೆನ್ನುವ ‘ಮಿಡ್‌ಬ್ರೇನ್’ ಎಲ್ಲರ ತಲೆಯಲ್ಲೂ ಹುಟ್ಟಿದಾಗಿನಿಂದಲೇ ಕೆಲಸದಲ್ಲಿದೆ. ಕಣ್ಣುಗುಡ್ಡೆ ಹೊರಳುವುದು, ಸದ್ದಾದ ಕಡೆ ತಟ್ಟನೆ ತಿರುಗುವುದು ಅದರ ಕೆಲವು ಕೆಲಸಗಳು. ಅದು ನಿಂತೇ ಇಲ್ಲ, ಇನ್ನು ಚಾಲೂ ಮಾಡುವುದೇನು? ನನಗೆ ಕೆಡುಕೆನಿಸುವುದು ಆ ಹುಡುಗನ ಪಾಡು. ಸಂದಿಯಿಂದ ಕಾಣುತ್ತದೆಂದು ಅವನಿಗೆ ಗೊತ್ತು. ದೊಡ್ಡವರೆದುರು ಸುಳ್ಳಾಡಿ ಚಪ್ಪಾಳೆ ಗಿಟ್ಟಿಸುವುದನ್ನು ಫೀ ಕೊಟ್ಟು ಕಲಿಸಿದ್ದಾರೆ.

ಬೆರಳಿನ ಗೆರೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮೂಡಿ ಮುಗಿಯುತ್ತದೆ. ಮಗಳು ಗಣಿತದಲ್ಲಿ ಮುಂದೋ ಹಾಡಿನಲ್ಲೋ ಎಂಬುದು ಅದರಲ್ಲಿ ಬರೆದಿಲ್ಲ. ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಹೆಸರು ಇಂಗ್ಲಿಷಿನದು, ಮಷೀನು ಕಂಪ್ಯೂಟರಿನದು, ಕೆಲಸ ಮಾತ್ರ ಜಾತ್ರೆಯಲ್ಲಿ ಗಿಣಿ ಕಡೆಯಿಂದ ಕಾರ್ಡು ತೆಗೆಸುವವನದು. ಗಿಣಿಯವನು ಹತ್ತು ರೂಪಾಯಿಗೆ ಬಿಡುತ್ತಾನೆ.

ಇನ್ನು ಆ ದಪ್ಪ ಪುಸ್ತಕ. ನಾನು ನೋಡಿಲ್ಲವಾದರೂ, ಹೊದಿಕೆಯ ಮೇಲೆ ದಿನಗಳ ಲೆಕ್ಕ ಹಾಕಿದ್ದಾರೆಯೇ ನೋಡಿ. ‘ಇಷ್ಟು ದಿನದಲ್ಲಿ ಇಷ್ಟು ಪಟ್ಟು ನೆನಪು’ ಎಂದಿದ್ದರೆ ಮುಟ್ಟಬೇಡಿ. ಮಿದುಳನ್ನು ಹೊರಗಿನಿಂದ ಚುರುಕು ಮಾಡುವ ಆಸೆ ಹಳೆಯದು, ಪ್ರತಿ ತಲೆಮಾರಿಗೂ ಅದು ಹೊಸ ಅಂಗಿ ತೊಟ್ಟು ಬರುತ್ತದೆ. 1993ರಲ್ಲಿ ಅಮೆರಿಕದಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟನ ಸಂಗೀತ ಕೇಳಿಸಿ ಒಂದು ಬಗೆಯ ಲೆಕ್ಕ ಬಿಡಿಸಲು ಕೊಟ್ಟರು. ತುಸು ಚೆನ್ನಾಗಿ ಮಾಡಿದರು, ಆದರೆ ಪರಿಣಾಮ ಹತ್ತು-ಹದಿನೈದು ನಿಮಿಷಕ್ಕೇ ಇಳಿಯಿತು. ಅಷ್ಟು ಸಣ್ಣ ಸಂಗತಿ ಐದೇ ವರ್ಷದಲ್ಲಿ ‘ಹಸುಗೂಸಿಗೆ ಮೊಜಾರ್ಟ್ ಕೇಳಿಸಿದರೆ ಅದು ಬುದ್ಧಿವಂತವಾಗುತ್ತದೆ’ ಎಂಬ ವ್ಯಾಪಾರವಾಯಿತು. ಪರೀಕ್ಷೆ ನಡೆದದ್ದು ಕೂಸುಗಳ ಮೇಲಂತೂ ಅಲ್ಲ.

ನೆನಪಿಗೆ ನಿಜವಾಗಿ ನೆರವಾಗುವುದಕ್ಕೆ ಖರ್ಚಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ: ಒಂದೇ ದಿನ ಉರುಹೊಡೆದದ್ದಕ್ಕಿಂತ ಕೆಲವು ದಿನಗಳಿಗೆ ಹಂಚಿ ಓದಿದ್ದು ನಿಲ್ಲುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬಿಬ್ಬರು ಇನ್ನೊಂದು ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದವರು ಒಂದು ವಾರದ ನಂತರ ಮುಂದಿದ್ದರು. ಆದ್ದರಿಂದ ರಾತ್ರಿ ಊಟವಾದ ಮೇಲೆ ಮಗಳಿಗೆ ಹೇಳಿ: ಇವತ್ತು ಓದಿದ್ದನ್ನು ಪುಸ್ತಕ ಮುಚ್ಚಿ ಅವ್ವನಿಗೆ ಹೇಳು. ಮೂರು ದಿನ ಬಿಟ್ಟು ಅದನ್ನೇ ಮತ್ತೊಮ್ಮೆ ಕೇಳಿ. ತಪ್ಪಾದಲ್ಲಿ ಬಯ್ಯಬೇಡಿ, ತಪ್ಪು ಹೊರಗೆ ಬರಲೆಂದೇ ಈ ಕಸರತ್ತು. ಹನ್ನೆರಡು ಸಾವಿರ ಉಳಿಯಿತಲ್ಲ, ಒಳ್ಳೆಯ ನಕಾಶೆ ಪುಸ್ತಕವೊಂದನ್ನು ಕೊಡಿಸಿ. ಮಿಕ್ಕದ್ದು ಆಕೆಯ ಹೆಸರಿಗೆ ಪೋಸ್ಟಿನಲ್ಲಿ ಇರಲಿ.

ಮಗ ಎರಡನೇತ್ತೆ. ಹಟ ಭಾಳ, ಒಂದು ಕಡೆ ಕೂಡಂಗಿಲ್ಲ. ಹುಬ್ಬಳ್ಳಿಗೆ ಹೋದಾಗ ಪುಸ್ತಕದಂಗಡಿ ಹೊಕ್ಕೆ. ಮಕ್ಕಳ ಬೆಳವಣಿಗೆ ಅಂತ ಒಂದು ಕಪಾಟೇ ಇತ್ತು. ಯಾವುದು ತಗೊಳ್ಳಲಿ ತಿಳೀದೆ ಬರಿಗೈಲೆ ಬಂದೆ. ಹೊಲಿಗೆ ಕೆಲಸ ನಂದು, ಐನೂರು ರೂಪಾಯಿ ಇದಕ್ಕಂತ ತಗದಿಟ್ಟೀನಿ.
— ಒಬ್ಬ ತಾಯಿ, ಬೈಲಹೊಂಗಲ

ಬರಿಗೈಲೆ ಬಂದದ್ದು ಒಳ್ಳೆಯದಾಯಿತು ತಂಗಿ. ಮುಂದಿನ ಸಲ ಹೋದಾಗ ಹೊದಿಕೆ ನೋಡುವ ಮೊದಲು ಎರಡನೇ ಪುಟ ತೆರೆ. ಮೊದಲ ಮುದ್ರಣ ಯಾವ ವರ್ಷ, ಪರಿಷ್ಕರಿಸಿದ್ದು ಯಾವಾಗ ಎಂದು ಅಲ್ಲಿರುತ್ತದೆ. ಕಥೆ-ಕಾದಂಬರಿಗೆ ಇದು ಬೇಡ, ಮಕ್ಕಳ ಆರೈಕೆಯ ಪುಸ್ತಕಕ್ಕೆ ಬೇಕು. ಅಮೆರಿಕದ ಡಾ. ಬೆಂಜಮಿನ್ ಸ್ಪಾಕ್ 1946ರಲ್ಲಿ ಬರೆದ ಶಿಶುಪಾಲನೆಯ ಪುಸ್ತಕ ಜಗತ್ತಿನ ತುಂಬ ಹೋಯಿತು. ಒಳ್ಳೆಯ ಮನುಷ್ಯ, ಒಳ್ಳೆಯ ಪುಸ್ತಕ. ಆದರೆ 1950ರ ದಶಕದ ಆವೃತ್ತಿಗಳಿಂದ ಕೂಸನ್ನು ಬೋರಲು ಮಲಗಿಸಿರಿ ಎಂದು ಅದರಲ್ಲಿತ್ತು. ಬೋರಲು ಮಲಗಿದ ಕೂಸು ನಿದ್ದೆಯಲ್ಲೇ ತೀರಿಕೊಳ್ಳುವ ಅಪಾಯ ಹೆಚ್ಚೆಂದು ಆಮೇಲೆ ತಿಳಿಯಿತು. ಅಂಗಾತ ಮಲಗಿಸಿರಿ ಎಂಬ ಸಲಹೆ ಎಲ್ಲ ಕಡೆ ಗಟ್ಟಿಯಾಗುವ ಹೊತ್ತಿಗೆ 1990ರ ದಶಕ ಬಂದಿತ್ತು. ಹಳೆಯ ಪ್ರತಿ ಕೈಗೆ ಸಿಕ್ಕವರಿಗೆ ಇದು ತಿಳಿಯುವುದು ಹೇಗೆ?

ಎರಡನೆಯದಾಗಿ, ಬರೆದವರು ಯಾರು ನೋಡು. ಡಿಗ್ರಿಗಿಂತ ಅವರು ಎಷ್ಟು ಮಕ್ಕಳ ಜೊತೆ ಕೆಲಸ ಮಾಡಿದ್ದಾರೆ ಎಂಬುದು ಮುಖ್ಯ. ಇಡೀ ಪುಸ್ತಕ ಲೇಖಕರ ಸ್ವಂತ ಮಗನ ಕಥೆಯೇ ಆಗಿದ್ದರೆ ಅದನ್ನು ಕಥೆಯೆಂದೇ ಓದಬೇಕು.

ಮೂರನೆಯದು ತುಸು ಸೂಕ್ಷ್ಮ. ಈ ಪುಸ್ತಕಗಳಲ್ಲಿ ಒಂದು ಮಿಠಾಯಿಯ ಪ್ರಯೋಗ ಬಂದೇ ಬರುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಶಿಶುವಿಹಾರದ ಮಕ್ಕಳ ಮುಂದೆ ಮಿಠಾಯಿ ಇಟ್ಟು, ಈಗಲೇ ತಿಂದರೆ ಒಂದು, ಕಾದರೆ ಎರಡು ಎಂದರು. ಕಾದ ಮಕ್ಕಳು ದೊಡ್ಡವರಾದ ಮೇಲೆ ಓದಿನಲ್ಲಿ ಮುಂದಿದ್ದರು ಎಂಬಲ್ಲಿಗೆ ಪುಸ್ತಕ ಅಧ್ಯಾಯ ಮುಗಿಸುತ್ತದೆ. ಆದರೆ 2018ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಮತ್ತೆ ನೋಡಿದಾಗ ಆ ನಂಟು ಅರ್ಧಕ್ಕಿಳಿಯಿತು. ಮನೆಯ ಸ್ಥಿತಿಗತಿ, ತಾಯಿಯ ಓದು ಇವನ್ನು ಲೆಕ್ಕಕ್ಕೆ ಹಿಡಿದಾಗ ಇನ್ನೂ ಸಣ್ಣದಾಯಿತು. ಡಬ್ಬಿಯಲ್ಲಿ ನಾಳೆಗೂ ಉಂಡಿ ಉಳಿದಿರುತ್ತದೆ ಎಂದು ನಂಬಿಕೆಯಿದ್ದ ಮಗು ಕಾಯುತ್ತದೆ. ಉಳಿಯದ ಮನೆಯ ಮಗು ಈಗಲೇ ತಿನ್ನುವುದು ಜಾಣತನ. ಹಳೆಯ ಪ್ರಯೋಗದ ಜೊತೆ ಈ ತಿದ್ದುಪಡಿಯನ್ನೂ ಹೇಳುವ ಪುಸ್ತಕ ಸಿಕ್ಕರೆ ಅದನ್ನು ನಂಬು. ‘ಇದು ಎಲ್ಲ ಮಕ್ಕಳಿಗೂ ಒಪ್ಪಲಿಕ್ಕಿಲ್ಲ’ ಎಂದು ಒಂದು ಕಡೆಯಾದರೂ ಬರೆದಿರುವ ಪುಸ್ತಕದ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ.

ಕೊನೆಗೆ ಅಂಗಡಿಯಲ್ಲೇ ನಿಂತು ‘ಹಟ’ದ ಅಧ್ಯಾಯ ತೆರೆದು ಎರಡು ಪುಟ ಓದು. ಓದುವಾಗ ನಿನ್ನ ಮಗನ ಮುಖ ಕಣ್ಣಿಗೆ ಬಂದರೆ ಕೊಳ್ಳು. ನಿನ್ನ ತಪ್ಪುಗಳೇ ಕಣ್ಣಿಗೆ ಬಂದು ಎದೆ ಭಾರವಾದರೆ ಅಲ್ಲೇ ಇಟ್ಟು ಬಾ. ತಾಯಂದಿರನ್ನು ಹೆದರಿಸಿ ಮಾರುವ ಪುಸ್ತಕಗಳು ಆ ಕಪಾಟಿನಲ್ಲಿ ಬೇಕಾದಷ್ಟಿವೆ.

ಹೆಸರು ಕೇಳಿದ್ದೀಯ, ಹೇಳುತ್ತೇನೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಸಣ್ಣ ಪುಸ್ತಕಗಳು ಸರಳ, ಅಗ್ಗ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದರ ಜೊತೆ ‘ತೊತ್ತೋ-ಚಾನ್’ ತಗೋ. ಜಪಾನಿನ ತೆತ್ಸುಕೊ ಕುರೊಯನಗಿ 1981ರಲ್ಲಿ ಬರೆದ ತನ್ನ ಬಾಲ್ಯದ ಕಥೆ, ವಿ. ಗಾಯತ್ರಿ ಕನ್ನಡಕ್ಕೆ ತಂದಿದ್ದಾರೆ. ಒಂದು ಕಡೆ ಕೂಡಲಾರದ್ದಕ್ಕೆ ಮೊದಲ ಶಾಲೆಯಿಂದ ಹೊರಗೆ ಬಿದ್ದ ಹುಡುಗಿ ಅವಳು. ಹೊಸ ಶಾಲೆಯ ಹೆಡ್‌ಮಾಸ್ತರರು ಮೊದಲ ದಿನ ಅವಳ ಮಾತನ್ನು ಗಂಟೆಗಟ್ಟಲೆ ಕೇಳುತ್ತ ಕೂಡುತ್ತಾರೆ. ಹಟದ ಮಗುವಿನ ಬಗ್ಗೆ ನಾನು ಕಂಡ ಸಲಹೆಯ ಪುಸ್ತಕಗಳಲ್ಲಿ ಯಾವುದೂ ಆ ಒಂದು ಅಧ್ಯಾಯಕ್ಕೆ ಸಮನಿಲ್ಲ. ಎರಡಕ್ಕೂ ಸೇರಿ ನಿನ್ನ ದುಡ್ಡಿನಲ್ಲಿ ಇನ್ನೂ ಉಳಿಯುತ್ತದೆ. ಉಳಿದದ್ದಕ್ಕೆ ಮಗನೇ ಆರಿಸಿದ ಚಿತ್ರದ ಪುಸ್ತಕ ಬರಲಿ, ನಿನಗೆ ಸೇರದಿದ್ದರೂ ಸರಿ. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ನಲ್ಲಿ ಕನ್ನಡದ ಕಥೆಗಳು ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತವೆ.

ನಮ್ಮ ಅಂಗನವಾಡಿಗೆ ಬರೋ ಒಂದು ಕೂಸಿಗೆ ಎರಡೂವರೆ ವರ್ಷ. ಅವ್ವ ಅಪ್ಪ ಅಂತನೂ ಅನ್ನಂಗಿಲ್ಲ. ಕರದ್ರ ತಿರುಗಿ ನೋಡಂಗಿಲ್ಲ. ಅವರ ಅಪ್ಪನೂ ತಡಾನೇ ಮಾತಾಡಿದ್ದ ಅಂತ ಮನಿಯವರು ಅಂತಾರ. ಮಾತು ಕಲಿಸೋ ಚಲೋ ಪುಸ್ತಕ ಇದ್ರ ತಿಳಸ್ರಿ.
— ಅಂಗನವಾಡಿ ಕಾರ್ಯಕರ್ತೆ, ಸವದತ್ತಿ ತಾಲ್ಲೂಕು

ಅಕ್ಕಾರ, ಈಗ ಪುಸ್ತಕ ಬೇಡ, ಆಸ್ಪತ್ರೆ ಬೇಕು. ಕರೆದರೆ ತಿರುಗುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಮೊದಲು ಕಿವಿ ಪರೀಕ್ಷೆಯಾಗಲಿ. ಕಿವಿ ಸರಿಯಿದ್ದರೆ ಮುಂದಿನ ತಪಾಸಣೆ ಏನೆಂದು ವೈದ್ಯರು ಹೇಳುತ್ತಾರೆ. ಎರಡು ವರ್ಷಕ್ಕೆ ಮಕ್ಕಳು ಎರಡು ಪದ ಕೂಡಿಸಿ ‘ನೀರ ಕೊಡು’ ಎನ್ನುವ ಹೊತ್ತು. ಎರಡೂವರೆಗೆ ಒಂದು ಪದವೂ ಇಲ್ಲವೆಂದರೆ ಅಪ್ಪನ ಕಥೆ ಕೇಳುತ್ತ ಕೂಡುವಂತಿಲ್ಲ.

ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ನಿಮ್ಮಲ್ಲಿಗೆ ಬರುತ್ತದೆ, ಗೊತ್ತಿದ್ದದ್ದೇ. ಅವರ ದಾರಿ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಅಲ್ಲಿ ತಪಾಸಣೆಗೆ ದುಡ್ಡಿಲ್ಲ.

ಪುಸ್ತಕವೇ ಬೇಕೆಂದರೆ ಅದು ಆ ಮನೆಯಲ್ಲೇ ಇದೆ: ತಾಯಿ ಕಾರ್ಡು. ಯಾವ ತಿಂಗಳಿಗೆ ಕೂಸು ನಗಬೇಕು, ಕೂಡಬೇಕು, ನಡೆಯಬೇಕು, ಮಾತಾಡಬೇಕು ಎಂದು ಅದರಲ್ಲಿ ಚಿತ್ರ ಸಮೇತ ಇದೆ. ನಾವು ಲಸಿಕೆಯ ಪುಟ ತುಂಬಿಸಿ ಮಡಚಿಡುತ್ತೇವೆ. ಮುಂದಿನ ತಾಯಂದಿರ ಸಭೆಯಲ್ಲಿ ಆ ಪುಟ ತೆರೆಸಿ. ಕೂಸಿನ ಕೈಗೆ ಮೊಬೈಲು ಕೊಡುವುದನ್ನೂ ಬಿಡಿಸಿ. ಎರಡು ವರ್ಷದೊಳಗಿನವರಿಗೆ ಪರದೆ ಬೇಡವೇ ಬೇಡ ಎಂದು ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೇಳಿದೆ. ಈ ಕೂಸಿನ ತೊಂದರೆಗೆ ಮೊಬೈಲೇ ಕಾರಣವೆಂದು ಮಾತ್ರ ತಾಯಿಯನ್ನು ಬಯ್ಯಬೇಡಿ. ತಪಾಸಣೆಗೆ ಮೊದಲು ಅದು ಯಾರಿಗೂ ಗೊತ್ತಿಲ್ಲ.

ಮನ್ಯಾಗ ಮಗ್ಗ ಐತಿ. ಡಿಗ್ರಿ ಮುಗಿಸಿ ಪೊಲೀಸ್ ಪರೀಕ್ಷೆ ಬರೀತಾ ಇದ್ದೀನಿ, ಎರಡು ಸಲ ಹೋಯ್ತು. ವ್ಯಕ್ತಿತ್ವ ವಿಕಸನದ ಪುಸ್ತಕ ಹದಿನೈದು ಓದೀನಿ. ಗಟ್ಟಿ ನಂಬಿದ್ರ ಆಗತೈತಿ ಅಂತಾವು. ನನ್ನ ನಂಬಿಕೀನ ಸಾಲದೇನೋ ಅನಸ್ತೈತಿ. ರಾತ್ರಿ ನಿದ್ದಿ ಬರಂಗಿಲ್ಲ. ಇನ್ನ ಯಾವ ಪುಸ್ತಕ ಓದಲಿ?
— ಪದವೀಧರ, ರಾಮದುರ್ಗ

ತಮ್ಮಾ, ಹದಿನಾರನೆಯದು ಬೇಡ. ನಿನ್ನ ನಂಬಿಕೆಯಲ್ಲಿ ಕೊರತೆ ಹುಡುಕುವುದನ್ನೂ ನಿಲ್ಲಿಸು. ಪುಸ್ತಕ ಹೇಳಿದ್ದು ಆಗದಿದ್ದರೆ ತಪ್ಪು ಪುಸ್ತಕದ್ದಲ್ಲ, ಓದಿದವನದು ಎಂದು ಆ ಪುಸ್ತಕಗಳಲ್ಲಿ ಮೊದಲೇ ವ್ಯವಸ್ಥೆ ಮಾಡಿಟ್ಟಿರುತ್ತಾರೆ.

ಅವುಗಳಿಗೆಲ್ಲ ಮುತ್ತಜ್ಜನಂಥವನು ನೆಪೋಲಿಯನ್ ಹಿಲ್. ಸಿರಿವಂತಿಕೆಯ ಬಗ್ಗೆ ಅವನು ಬರೆದ ಪುಸ್ತಕ ಬಂದದ್ದು 1937ರಲ್ಲಿ, ಅಮೆರಿಕದಲ್ಲಿ ಲಕ್ಷಗಟ್ಟಲೆ ಜನ ಕೆಲಸವಿಲ್ಲದೆ ಕೂತಿದ್ದ ಕಾಲ. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ತನ್ನನ್ನು ಕರೆದು ಗುಟ್ಟು ಹೇಳಿದನೆಂದು ಹಿಲ್ ಬರೆದ. ಕಾರ್ನೆಗಿಯ ಜೀವನಚರಿತ್ರೆ ಬರೆದ ಡೇವಿಡ್ ನಾಸಾಗೆ ಅವರಿಬ್ಬರು ಭೇಟಿಯಾದದ್ದಕ್ಕೂ ಪುರಾವೆ ಸಿಗಲಿಲ್ಲ.

ಇನ್ನೂ ಒಂದಿದೆ. ಗ್ಯಾಬ್ರಿಯೆಲೆ ಎಟಿಂಗನ್ ಎಂಬ ಜರ್ಮನ್ ಮನೋವಿಜ್ಞಾನಿ ಕೆಲಸ ಹುಡುಕುತ್ತಿದ್ದ ಪದವೀಧರರನ್ನು ಎರಡು ವರ್ಷ ಹಿಂಬಾಲಿಸಿ ನೋಡಿದರು. ಕೆಲಸ ಸಿಕ್ಕೇಬಿಟ್ಟಂತೆ ಸುಖವಾಗಿ ಕನಸು ಕಂಡವರು ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ಸಿಕ್ಕ ಕೆಲಸವೂ ಕಡಿಮೆ, ಸಂಬಳವೂ ಕಡಿಮೆ. ಅವರ ಜೊತೆಗಾರ ಪೀಟರ್ ಗೋಲ್‌ವಿಟ್ಸರ್ ಹೇಳುವ ಉಪಾಯ ಬಹಳ ಸಣ್ಣದು: ಎಲ್ಲಿ, ಯಾವಾಗ, ಏನು ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದು. ‘ಮಗ್ಗ ನಿಂತ ಕೂಡಲೇ ಹಿತ್ತಲ ಕಟ್ಟೆಗೆ ಹೋಗಿ ಹತ್ತು ಲೆಕ್ಕ ಮಾಡುತ್ತೇನೆ’ ಎಂದುಕೊಂಡವನು ‘ಚೆನ್ನಾಗಿ ಓದುತ್ತೇನೆ’ ಎಂದುಕೊಂಡವನಿಗಿಂತ ಹೆಚ್ಚು ಸಲ ಕೂಡುತ್ತಾನೆ. ಇದರಿಂದ ಪಾಸಾಗೇ ಆಗುತ್ತೀ ಎಂದು ನಾನು ಹೇಳುವುದಿಲ್ಲ. ಸಾವಿರಾರು ಜನ ಬರೆದು ಕೆಲವರನ್ನೇ ತೆಗೆದುಕೊಳ್ಳುವ ಪರೀಕ್ಷೆಯಲ್ಲಿ ಉಳಿದವರೆಲ್ಲ ನಂಬಿಕೆಯಿಲ್ಲದವರೇನು?

ನಿದ್ದೆಯ ಮಾತಿಗೆ ಬರೋಣ, ನನಗೆ ಅದೇ ಮುಖ್ಯ. ಹೆಚ್ಚು ದಿನದಿಂದ ನಿದ್ದೆ ಇಲ್ಲ, ಮನಸ್ಸು ಕುಗ್ಗಿದೆ ಎಂದರೆ 14416ಕ್ಕೆ ಫೋನ್ ಮಾಡು. ‘ಟೆಲಿ ಮಾನಸ್’, 2022ರಿಂದ ಇದೆ, ಕನ್ನಡದಲ್ಲಿ ಮಾತಾಡುತ್ತಾರೆ, ಹಗಲೂ ರಾತ್ರಿಯೂ ಪುಕ್ಕಟೆ. ಎದುರಿಗೆ ಕೂತು ಮಾತಾಡಬೇಕೆಂದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ‘ಧಾರವಾಡಕ್ಕ ಹೋಗ್ಯಾನ’ ಎಂದರೆ ನಮ್ಮ ಕಡೆ ಜನ ಏನು ತಿಳಿಯುತ್ತಾರೆ ಎಂಬುದು ನನಗೂ ಗೊತ್ತು. ಅಲ್ಲಿನ ಹೊರರೋಗಿಗಳ ಸಾಲಿನಲ್ಲಿ ನಿದ್ದೆ ಬಾರದ ಮಾಸ್ತರರು, ತಲೆನೋವಿನ ಅಂಗಡಿಕಾರರು, ಪರೀಕ್ಷೆಯ ಹುಡುಗರು ನಿಂತಿರುತ್ತಾರೆ. ಚೀಟಿ ಮಾಡಿಸಿ ನೀನೂ ನಿಲ್ಲು.

ನಿದ್ದೆ ಸರಿಯಾದ ಮೇಲೆ ಓದುವ ಮನಸ್ಸಾದರೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಹುಡುಕು. ‘ಕೊರವಂಜಿ’ ನಡೆಸಿ ನಾಡನ್ನು ನಗಿಸಿದ ‘ರಾಶಿ’ ಇವರೇ, ವೃತ್ತಿಯಿಂದ ವೈದ್ಯರು. ಮನೋವೈದ್ಯಕೀಯದ ಈ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಐವತ್ತು ವರ್ಷದ ಹಿಂದಿನದು, ಔಷಧ-ಚಿಕಿತ್ಸೆಯ ಮಾತು ಈಗಿನದಲ್ಲ. ಮನಸ್ಸಿನ ಬಗ್ಗೆ ಕನ್ನಡದಲ್ಲಿ ಎಷ್ಟು ಸಲೀಸಾಗಿ ಬರೆಯಬಹುದೆಂದು ತೋರಿಸುತ್ತದೆ, ಅಷ್ಟಕ್ಕೆ ಓದು.

ನಾನು ಆರು ಮಕ್ಕಳನ್ನ ಬೆಳಸೀನಿ, ಒಂದು ಪುಸ್ತಕ ನೋಡಿಲ್ಲ. ಈಗ ಸೊಸಿ ಕೂಸು ಅತ್ರ ಪುಸ್ತಕ ತಗೀತಾಳ. ಇದೇನ್ರಿ ನಿಮ್ಮ ಕಾಲಮಾನ?
— ಒಬ್ಬ ಅಜ್ಜ, ಬೈಲಹೊಂಗಲ ತಾಲ್ಲೂಕು

ಅಜ್ಜಾರ, ನೀವು ಬೆಳೆಸಿದಿರೋ ಅಜ್ಜಿ ಬೆಳೆಸಿದರೋ, ಅದನ್ನೊಮ್ಮೆ ಅವರನ್ನೇ ಕೇಳಬೇಕು.

ಅರ್ಧ ನಿಮ್ಮ ಕಡೆಗೇ ಇದ್ದೇನೆ. 1928ರಲ್ಲಿ ಜಾನ್ ವಾಟ್ಸನ್ ಎಂಬ ಹೆಸರುವಾಸಿ ಮನೋವಿಜ್ಞಾನಿ ಪುಸ್ತಕ ಬರೆದು ತಾಯಂದಿರಿಗೆ ಹೇಳಿದ: ಮಕ್ಕಳನ್ನು ಅಪ್ಪಬೇಡಿ, ಮುದ್ದಿಸಬೇಡಿ, ತೊಡೆಯ ಮೇಲೆ ಕೂರಿಸಬೇಡಿ, ಬೆಳಿಗ್ಗೆ ಎದ್ದಾಗ ಕೈಕುಲುಕಿದರೆ ಸಾಕು. ಅದು ಆಗ ವಿಜ್ಞಾನವೆಂದೇ ಮಾರಾಟವಾಯಿತು. ಅದೇ ಹೊತ್ತಿನಲ್ಲಿ ನಿಮ್ಮೂರಿನ ಯಾವ ಅಜ್ಜಿಯೂ ಅಂಥ ದಡ್ಡತನ ಮಾಡಲಿಲ್ಲ. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಎರೆದು, ಜೋಗುಳ ಹಾಡಿ, ಅದು ‘ಊ’ ಎಂದರೆ ತಾವೂ ‘ಊ’ ಎಂದರು. ಮಗು ಮಾತು ಕಲಿಯುವುದು ಹೀಗೆ ಕೊಟ್ಟು-ತಗೊಳ್ಳುವುದರಲ್ಲೇ ಎಂದು ಸಂಶೋಧಕರು ಬರೆದದ್ದು ಆಮೇಲೆ.

ಇನ್ನರ್ಧ ಸೊಸೆಯ ಕಡೆ. ನಮ್ಮ ಕಡೆಯೇ ಮೊದಲ ಗಿಣ್ಣುಹಾಲನ್ನು ಹಿಂಡಿ ಚೆಲ್ಲುತ್ತಿದ್ದರು, ಹೆರಿಗೆಯಾದ ಗಂಟೆಯೊಳಗೆ ಅದನ್ನೇ ಕುಡಿಸಬೇಕೆಂದು ಇವತ್ತು ಪ್ರತಿ ನರ್ಸಮ್ಮನೂ ಹೇಳುತ್ತಾಳೆ. ಕೂಸಿಗೆ ಫಿಟ್ಸು ಬಂದರೆ, ಹೊಟ್ಟೆ ಉಬ್ಬಿದರೆ ಬರೆ ಹಾಕುತ್ತಿದ್ದರು, ಕೆಲವು ಕಡೆ ಈಗಲೂ ಹಾಕುತ್ತಾರೆ. ಆ ಕಲೆ ಹೊತ್ತವರು ನಿಮ್ಮ ಊರಲ್ಲೂ ಇದ್ದಾರು. ಅದನ್ನು ತಪ್ಪಿಸಿದ್ದರಲ್ಲಿ ಪುಸ್ತಕಗಳ ಪಾಲೂ ಇದೆ. ಡಾ. ಅನುಪಮಾ ನಿರಂಜನ ‘ತಾಯಿ-ಮಗು’ ಬರೆದದ್ದು ನಿಮ್ಮ ಸೊಸೆಯಂಥ ಹೆಣ್ಣುಮಕ್ಕಳಿಗಾಗಿಯೇ. ಕೂಸು ಅತ್ತಾಗ ಪುಸ್ತಕ ಆಕೆಯ ಕೈಯಲ್ಲಿದ್ದರೆ ಕೂಸು ನಿಮ್ಮ ಕೈಗೆ ಬರಲಿ. ಎರಡೂ ಕೆಲಸ ಆಗುತ್ತವೆ.

ಗ್ರಾಮ ಪಂಚಾಯತಿ ಗ್ರಂಥಾಲಯದಾಗ ಮಕ್ಕಳು ಸಂಜೀಕೆ ಬರತಾರ. ತಾಯಂದಿರಿಗೆ, ಮಾಸ್ತರರಿಗೆ ಒಂದು ಸಣ್ಣ ಕಪಾಟು ಮಾಡಬೇಕಂತ ಐತಿ. ಏನೇನು ತರಸಲಿ?
— ಗ್ರಂಥಾಲಯ ಮೇಲ್ವಿಚಾರಕ, ಮುನವಳ್ಳಿ ಹತ್ತಿರ

‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಬಂದಾಗಿನಿಂದ ಹದಿನೆಂಟರೊಳಗಿನವರಿಗೆ ಸದಸ್ಯತ್ವ ಪುಕ್ಕಟೆಯಾಯಿತು. ಮಕ್ಕಳ ಹಿಂದೆ ದೊಡ್ಡವರನ್ನೂ ಕರೆತರುವ ನಿಮ್ಮ ಯೋಚನೆ ಚಲೋ ಇದೆ.

ಮಾಸ್ತರರಿಗೆ ಮೊದಲು ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’. ಗುಜರಾತಿಯಲ್ಲಿ 1932ರದು, ಕನ್ನಡಕ್ಕೂ ಬಂದಿದೆ. ನಾಲ್ಕನೇ ಇಯತ್ತೆಯ ಗದ್ದಲದ ವರ್ಗವನ್ನು ಕಥೆ ಹೇಳಿ ಗೆದ್ದ ಮಾಸ್ತರನ ಕಥನ. ಸಾಹೇಬರು ತಪಾಸಣೆಗೆ ಬರುವ ಭಾಗ ಓದುವಾಗ ನಿಮ್ಮ ಮಾಸ್ತರರು ನಗುತ್ತಾರೆ. ತಾಯಂದಿರಿಗೆ ಮೇಲೆ ಹೇಳಿದ ಚಂದ್ರಶೇಖರ್ ಅವರ ನಾಲ್ಕಾರು, ‘ತೊತ್ತೋ-ಚಾನ್’ ಎರಡು ಪ್ರತಿ, ಒಂದು ಹೇಗೂ ಮರಳಿ ಬರುವುದಿಲ್ಲ. ಕೂಡಿ ಓದಲಿಕ್ಕೆ ಅನುಪಮಾ ಅವರ ‘ದಿನಕ್ಕೊಂದು ಕಥೆ’, ಹನ್ನೆರಡು ಭಾಗ, ತಿಂಗಳಿಗೊಂದು. ಕಾರಂತರ ‘ಬಾಲಪ್ರಪಂಚ’ ಸಿಕ್ಕರೆ ಕೀಲಿಯೊಳಗೆ ಇಡಿ, ಮಾಹಿತಿ ಹಳೆಯದಾದರೂ ಮಗುವಿಗೆ ಜಗತ್ತನ್ನು ಹೇಳುವ ಧಾಟಿ ಅದರಿಂದ ಕಲಿಯಬೇಕು.

ತರಿಸುವುದಕ್ಕೆ ಧಾರವಾಡದ ಸುಭಾಸ ರಸ್ತೆಗೆ ಒಮ್ಮೆ ಹೋಗಿಬನ್ನಿ. ಅಲ್ಲಿನ ಹಳೆಯ ಅಂಗಡಿಗಳಲ್ಲಿ ಕೇಳಿದ್ದು ಇರದಿದ್ದರೂ ತರಿಸಿಕೊಡುತ್ತಾರೆ. ಯಾರಾದರೂ ದಾನವಾಗಿ ಕೊಟ್ಟ ಮಿದುಳು ಚುರುಕು, ಬೆರಳಚ್ಚು, ಗರ್ಭದಲ್ಲೇ ಪ್ರತಿಭೆ ಇಂಥವು ಬಂದಿದ್ದರೆ ತಾಯಂದಿರ ಕಪಾಟಿನಲ್ಲಿ ಇಡಬೇಡಿ. ನಿಮ್ಮಲ್ಲಿ ಕಥೆ-ಕಾದಂಬರಿಗೆ ಬೇರೆ ಕಪಾಟು ಇದ್ದೇ ಇರುತ್ತದಲ್ಲ, ಅಲ್ಲಿಗೆ ಸೇರಿಸಿ.